ಡಗ್ಗಾದ ಕೈ

ಜೋಡಿಪಟ್ಟಿ ಬರುವ ಮೊದಲು ನನ್ನ ಫಿಸಿಯೋಥೆರಪಿ ಕೆಲಸದ ಅರ್ಧ ಪಾಲು ಸುಳ್ಳು ಕೇಳುವುದೇ ಆಗಿತ್ತು. ಮಣಿಕಟ್ಟಿನೊಳಗೆ ಎಂಟು ಪುಟ್ಟ ಎಲುಬುಗಳಿವೆ. ಅವನ್ನು ಒಂದಕ್ಕೊಂದು ಬಿಗಿದು ಹಿಡಿದಿರುವ ನಾರಿಗೆ ಅಸ್ಥಿರಜ್ಜು ಎನ್ನುತ್ತಾರೆ. ಅದು ಹರಿದವರು ಆಪರೇಶನ್ ಮುಗಿಸಿ, ಪ್ಲಾಸ್ಟರ್ ಬಿಚ್ಚಿಸಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ಒದ್ದೆ ಟವೆಲ್ಲನ್ನು ಮೆಲ್ಲಗೆ ಹಿಂಡಿ, ಅಕ್ಕಿ ಡಬ್ಬಿಯಲ್ಲಿ ಕೈ ಇಳಿಸಿ ಬೆರಳು ಬಿಚ್ಚಿ ಮುಚ್ಚಿ, ಗೋಡೆಯ ಮೇಲಿನ ಗುರಿಗೆ ಸಣ್ಣ ಬಾಣ ಎಸೆಯುವವರ ಹಾಗೆ ಮಣಿಕಟ್ಟನ್ನು ಓರೆಯಾಗಿ ಹಿಂದಕ್ಕೆ ತಂದು ಮುಂದಕ್ಕೆ ಬಿಡಿ ಎಂದು ನಾನು ಬಾಯಿ ನೋಯುವಷ್ಟು ಹೇಳುತ್ತಿದ್ದೆ. ಮುಂದಿನ ವಾರ ಬಂದವರು, "ಮೂರೂ ಹೊತ್ತು ಮಾಡೇನ್ರಿ ಮೇಡಂ, ಒಂದಿನಾ ತಪ್ಪಿಸಿಲ್ಲ," ಎನ್ನುತ್ತಿದ್ದರು. ಕೈ ಹಿಡಿದರೆ ತುಕ್ಕು ಹಿಡಿದ ಚಿಲಕದ ಹಾಗೆ ಸೆಟೆದಿರುತ್ತಿತ್ತು. ನನಗೋ ಮೊದಲೇ ತಾಳ್ಮೆ ಕಡಿಮೆ. ಎಷ್ಟೋ ಸಲ ಅವರ ಕೈ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತು ಸಿಟ್ಟು ಇಳಿಸಿಕೊಂಡು ಬರುತ್ತಿದ್ದೆ.

ಜೋಡಿಪಟ್ಟಿ ಆ ಸುಳ್ಳಿಗೆಲ್ಲ ಮಂಗಳ ಹಾಡಿತು. ಅದನ್ನು ರೂಪಿಸಿದವರ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಗಾಯದ ಕೈಗೆ ಪಾಠ ಹೇಳಲು ಹೊರಗಿನವರು ಯಾಕೆ ಬೇಕು, ಅದೇ ಮೈಯಲ್ಲಿ ಇನ್ನೊಂದು ಒಳ್ಳೆಯ ಕೈ ಇದೆಯಲ್ಲ? ಅಸ್ಥಿರಜ್ಜು ಬರೀ ಹಗ್ಗವಲ್ಲ. ಅದರೊಳಗೆ ನರದ ತುದಿಗಳಿವೆ. ಕೈ ಎಷ್ಟು ಬಾಗಿದೆ, ಅದರ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವುದು ಅವೇ. ಹರಿದು ಕೂಡಿದ ಮೇಲೆ ಆ ಸುದ್ದಿ ತಪ್ಪುತಪ್ಪಾಗಿ ಹೋಗುತ್ತದೆ. ಹಾಗಾಗಿ ಎರಡೂ ಮಣಿಕಟ್ಟಿಗೆ ಒಂದೊಂದು ತೆಳ್ಳನೆಯ ಪಟ್ಟಿ. ಒಂದು ವಾರ ಒಳ್ಳೆಯ ಕೈಯ ಪಟ್ಟಿ ಸುಮ್ಮನೆ ನೋಡುತ್ತ ಕಲಿಯುತ್ತದೆ. ಆಮೇಲೆ ಗಾಯದ ಕೈಯ ಪಟ್ಟಿಯೊಳಗಿನ ಎಳೆಗಳು ಬಿಗಿಯುತ್ತ ಸಡಿಲಾಗುತ್ತ, ಅದೇ ಚಲನೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ, ಆ ಕೈಯಿಂದ ಮಾಡಿಸುತ್ತವೆ. ರೋಗಿ ಟಿವಿ ನೋಡಲಿ, ಹರಟೆ ಹೊಡೆಯಲಿ, ವ್ಯಾಯಾಮ ತನ್ನ ಪಾಡಿಗೆ ನಡೆದಿರುತ್ತದೆ. ನೋವು ಶುರುವಾಗುವ ಮೊದಲೇ ಪಟ್ಟಿ ನಿಲ್ಲುತ್ತದೆ.

ನಾವು ಹುಬ್ಬಳ್ಳಿಯ ಚಿಕಿತ್ಸಾ ಕೇಂದ್ರದ ಕೋಣೆಯಲ್ಲಿ ಕೂತು ಪರದೆ ನೋಡುತ್ತೇವೆ. ಒಬ್ಬೊಬ್ಬ ರೋಗಿಗೆ ಎರಡೆರಡು ಗೆರೆ. ಹಸಿರು ಗೆರೆ ಒಳ್ಳೆಯ ಕೈ, ಕೇಸರಿ ಗೆರೆ ಗಾಯದ ಕೈ. ಎರಡೂ ಒಂದರ ಮೇಲೊಂದು ಕೂತ ದಿನ ಪಟ್ಟಿ ಬಿಚ್ಚಿ, ಕೈ ಮುಗಿದು ಕಳಿಸಿಬಿಡುತ್ತೇವೆ. ನನಗೆ ಕುರ್ಚಿಯಲ್ಲಿ ಕೂತು ಅಭ್ಯಾಸವಿಲ್ಲ. ಪರದೆಯಿಂದ ಪರದೆಗೆ ಓಡಾಡುತ್ತಲೇ ಇರುತ್ತೇನೆ. ಪಟ್ಟಿಗಳ ಯಂತ್ರ ನೋಡಿಕೊಳ್ಳುವ ಇಂಜಿನಿಯರ್ ಇಮ್ತಿಯಾಜ್ ದಿನಕ್ಕೊಮ್ಮೆಯಾದರೂ ಕೇಳುತ್ತಾನೆ: "ಮೇಡಂ, ನಿಮ್ಮ ಕುರ್ಚ್ಯಾಗ ಏನ್ ಮುಳ್ಳ ಅದಾವೇನ್ರಿ?"

ಹೀಗಿರುವಾಗ ನಮ್ಮ ಅಣ್ಣ ಮುರಿಗೆಪ್ಪ ಸ್ಕೂಟರ್ ಜಾರಿ ಬಿದ್ದು ಎಡಗೈ ಊರಿದ. ಮಣಿಕಟ್ಟಿನ ಎರಡು ಎಲುಬುಗಳ ನಡುವಿನ ಅಸ್ಥಿರಜ್ಜು ಪೂರ್ತಿ ಹರಿದಿತ್ತು. ಆಪರೇಶನ್ ಮಾಡಿ ಹೊಲಿದರು. ಅಣ್ಣ ತಬಲಾ ನುಡಿಸುವವನು. ನಾಟಕ ಕಂಪನಿಗಳ ಕಾಲದಲ್ಲಿ ನಮ್ಮ ಅಪ್ಪ ಊರೂರು ತಿರುಗಿ ತಬಲಾ ನುಡಿಸುತ್ತಿದ್ದರು. ಅಣ್ಣನಿಗೆ ಬಂದದ್ದು ಅವರಿಂದಲೇ. ತಬಲಾ ಜೋಡಿಯಲ್ಲಿ ಎಡಗೈ ನುಡಿಸುವ ದೊಡ್ಡ ತಾಮ್ರದ ಡಗ್ಗಾ ಅಪ್ಪನದು. ಪ್ರತಿ ವರ್ಷ ಅಪ್ಪನ ಪುಣ್ಯಸ್ಮರಣೆಯ ದಿನ ಬೆಳಿಗ್ಗೆ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ, ಹತ್ತಿಪ್ಪತ್ತು ಜನರೆದುರು ಅಣ್ಣ ಅದನ್ನು ನುಡಿಸಬೇಕು. ಆಸ್ಪತ್ರೆಯ ಮಂಚದ ಮೇಲೆ ಮಲಗಿದವನು ನನ್ನನ್ನು ಕೇಳಿದ ಮೊದಲ ಮಾತೇ ಅದು.

"ಕಸ್ತೂರಿ, ಅಪ್ಪನ ದಿನಕ್ಕ ಕೈ ಬರ್ತದಿಲ್ಲ?"

"ಬರ್ತದ. ನಾ ಅದೀನಿಲ್ಲ?"

"ಡಗ್ಗಾ ಹೋತಂದ್ರ ನಾ ಅರ್ಧ ಮನಷ್ಯಾ ಆಗಿಬಿಡ್ತೀನಿ ನೋಡವಾ," ಎಂದ. ಕಣ್ಣಲ್ಲಿ ನೀರಿತ್ತು. ಅಣ್ಣ ಅಳುವುದನ್ನು ನಾನು ಅಪ್ಪ ಸತ್ತಾಗಲೂ ಕಂಡಿರಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನ ನಾನೇ ಅವನ ಎರಡೂ ಕೈಗೆ ಪಟ್ಟಿ ಸುತ್ತಿದೆ. "ಒಂದ ವಾರ ಬಲಗೈಲೆ ದಿನಾ ಏನ ಮಾಡ್ತಿಯೋ ಅದನ್ನ ಮಾಡು. ಪಟ್ಟಿ ಕಲೀತದ," ಎಂದೆ. ಎಲ್ಲ ರೋಗಿಗಳಿಗೂ ಹೇಳುವ ಮಾತೇ ಅದು. ಉಳಿದವರು ಆ ವಾರ ಉಣ್ಣುತ್ತಾರೆ, ಬರೆಯುತ್ತಾರೆ, ಬೀಗ ತೆಗೆಯುತ್ತಾರೆ. ನಮ್ಮ ಅಣ್ಣ ಬೆಳಗಾದರೆ ಬಲಗಡೆಯ ತಬಲಾ ಎದುರಿಗಿಟ್ಟುಕೊಂಡು ಕೂತುಬಿಟ್ಟ. ಪಟ್ಟಿ ತನ್ನನ್ನು ನೋಡುತ್ತಿದೆ ಎಂದ ಮೇಲೆ ಕೇಳಬೇಕೇ? ಪರೀಕ್ಷೆಗೆ ಕೂತವನ ಹಾಗೆ, ತನಗೆ ಬರುವುದನ್ನೆಲ್ಲ ತೆಗೆದು ಹಾಕಿದ. ನಾನೂ ಅದೇ ಮನೆಯ ಮಹಡಿಯ ಮೇಲೆ ಇರುವವಳು. ಏಳುವಾಗ ಆ ಸದ್ದು, ಮಲಗುವಾಗಲೂ ಆ ಸದ್ದು. ಖುಷಿಯೇ ಆಗುತ್ತಿತ್ತು.

ಕೇಂದ್ರದಲ್ಲಿ ಅವನ ಹಸಿರು ಗೆರೆ ನೋಡಲು ಜನ ನೆರೆಯುತ್ತಿದ್ದರು. ಅಷ್ಟು ನಯವಾದ ಗೆರೆ ಅಲ್ಲಿ ಯಾರೂ ಕಂಡಿರಲಿಲ್ಲ. "ಏನ್ ಕೈ ರೀ ಮೇಡಂ ನಿಮ್ಮಣ್ಣಂದು! ಯಂತ್ರಕ್ಕ ಹಬ್ಬ ಆಗೇತಿ," ಎಂದು ಇಮ್ತಿಯಾಜ್ ಹೇಳಿದಾಗ ನಾನು ಬೀಗಿದೆ.

ಎರಡನೆಯ ವಾರದಿಂದ ಎಡಗೈ ಕಲಿಯತೊಡಗಿತು. ಅಣ್ಣ ಉಣ್ಣುವಾಗ, ಪೇಪರ್ ಓದುವಾಗ, ಅವನ ಎಡ ಮಣಿಕಟ್ಟು ತೊಡೆಯ ಮೇಲೆ ತಾನೇ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ವೈನಿಗೆ, ಅಂದರೆ ಅಣ್ಣನ ಹೆಂಡತಿ ಶಿವಲೀಲಾಗೆ, ಅದನ್ನು ಕಂಡರೆ ಮುಜುಗರ.

"ಮನ್ಯಾಗ ಮೊದಲ ಇಬ್ಬರು ಕುಂತಲ್ಲೆ ಕುಂದರಂಗಿಲ್ಲ. ಈಗ ಇವರ ಕೈ ಒಂದ ಬ್ಯಾರೆ ಶುರು ಮಾಡೇತಿ," ಎಂದು ಗೊಣಗುತ್ತಿದ್ದರು.

"ಇರ್ರಿ ವೈನಿ, ಅದು ಕಲ್ಯಾಕತ್ತೈತಿ," ಎನ್ನುತ್ತಿದ್ದೆ.

ಕಲಿತದ್ದು ನಿಜ. ದಿನ ಹೋದಂತೆ ಕೇಸರಿ ಗೆರೆ ಹಸಿರಿನ ಹತ್ತಿರ ಸರಿಯಿತು. ಊತ ಇಳಿಯಿತು, ಹಿಡಿತ ಬಂತು. ಒಂದು ಮಧ್ಯಾಹ್ನ ಎರಡು ಗೆರೆ ಎಷ್ಟು ಸರಿಯಾಗಿ ಕೂಡಿದವೆಂದರೆ ಪರದೆಯಲ್ಲಿ ಒಂದೇ ಗೆರೆ ಇದ್ದಂತೆ ಕಂಡಿತು. ನಾನು ಮಿಠಾಯಿ ತಂದು ಎಲ್ಲರಿಗೂ ಹಂಚಿದೆ. ಸಂಜೆ ಮನೆಗೆ ಹೋದವಳೇ ಅಪ್ಪನ ಡಗ್ಗಾದ ಮೇಲಿನ ಬಟ್ಟೆ ತೆಗೆದು ಅಣ್ಣನ ಎದುರಿಗಿಟ್ಟೆ. ವೈನಿ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತರು.

ಅಣ್ಣ ಕೈ ಎತ್ತಿ ಹೊಡೆದ. ಟಪ್ ಎಂದಿತು.

ಮತ್ತೆ ಹೊಡೆದ. ಮತ್ತೆ ಅದೇ. ಲಯ ತಪ್ಪಿರಲಿಲ್ಲ, ಬೆರಳು ಬೀಳುವ ಜಾಗವೂ ತಪ್ಪಿರಲಿಲ್ಲ. ಆದರೆ ಡಗ್ಗಾ ನುಡಿಸುವ ಕೈ ಹೊಡೆದು ಏಳುವ ಕೈಯಲ್ಲ. ಅಂಗೈಯ ಬುಡ ಚರ್ಮದ ಮೇಲೆ ಕೂತೇ ಇರಬೇಕು. ಬೆರಳು ಬಿದ್ದ ಮೇಲೆ ಅದು ಒತ್ತುತ್ತ ಮುಂದೆ ಜಾರಬೇಕು. ಆ ಒತ್ತಿನಲ್ಲೇ ಸದ್ದು ಉಬ್ಬುವುದು, ಬಾಗುವುದು. ಬಲಗೈಯ ಕೆಲಸ ಬೇರೆ. ಅದು ಹಗುರ, ಚುರುಕು, ಮುಟ್ಟಿ ಏಳುವುದು. ನಮ್ಮ ಯಂತ್ರ ಆ ಬಲಗೈಯನ್ನು ಕನ್ನಡಿಯಲ್ಲಿ ತಿರುವಿ ಎಡಗೈಗೆ ಉಡಿಸಿಬಿಟ್ಟಿತ್ತು. ಅಣ್ಣ ಒತ್ತಲು ಹೋದರೆ ಕೈ ತಾನಾಗಿ ಎದ್ದುಬಿಡುತ್ತಿತ್ತು.

"ಅಪ್ಪನ ಡಗ್ಗಾ ಮಾತಾಡ್ತಿತ್ತು. ಇದು ಯಾರೋ ಬಂದು ಬಾಗಿಲ ಬಡದಂಗ ಕೇಳಸ್ತೈತಿ," ಎಂದ ಅಣ್ಣ. ಸಿಟ್ಟಿರಲಿಲ್ಲ, ಹೆದರಿದ್ದ. "ಇದು ನನ್ನ ಕೈ ಅಲ್ಲ ಕಸ್ತೂರಿ."

ತಬಲಾದವನ ಮಗಳು ನಾನು. ಎರಡು ಕೈ ಎರಡು ಬೇರೆ ಕೆಲಸ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದವಳು. ಅಣ್ಣನೂ ಅಷ್ಟೇ. ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ? ಆ ಹಸಿರು ಗೆರೆಯ ಚೆಂದಕ್ಕೆ ಇಬ್ಬರೂ ಮರುಳಾಗಿದ್ದೆವು.

ಮರುದಿನ ಕೇಂದ್ರಕ್ಕೆ ಹೋಗಿ ಇಮ್ತಿಯಾಜ್‌ಗೆ ಹೇಳಿದೆ. ಅವನು ಮೊದಲು ನಕ್ಕ, ಆಮೇಲೆ ನಗು ನಿಂತಿತು. "ಹಂಗಾರ ಉಳಿದವರು?" ಎಂದ. ಇಬ್ಬರೂ ಫೋನ್ ಹಿಡಿದು ಕೂತೆವು. ಪೂರ್ತಿ ಗುಣವಾಗಿದೆ ಎಂದು ನಾವು ಕಳಿಸಿಕೊಟ್ಟವರಿಗೆ ಒಬ್ಬೊಬ್ಬರಿಗೇ ಕರೆ ಮಾಡಿದೆವು. ಹೆಚ್ಚಿನವರು ಹರಸಿದರು. ಖಾನಾವಳಿಯ ಒಬ್ಬ ಹೆಂಗಸು ಮಾತ್ರ, "ಕೈಯೇನೋ ಗಟ್ಟಿ ಆಗೇತ್ರಿ. ಆದ್ರ ಬಲಗೈ ರೊಟ್ಟಿ ಬಡಿಯೂ ಮುಂದ ಎಡಗೈ ಅದನ್ನ ತಿರಗಸಬೇಕ್ರೀ. ಈಗ ಅದೂ ಬಡ್ಯಾಕ ಹೊಕ್ಕತಿ. ರೊಟ್ಟಿ ಹರೀತಾವ," ಎಂದಳು. ಒಬ್ಬ ಬಾಣಂತಿ ಹೇಳಿದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಮೊದಲ ಮಗುವನ್ನು ಎಡಗೈಯಲ್ಲಿ ಹಿಡಿದೇ ಮನೆಗೆಲಸವೆಲ್ಲ ಮಾಡುತ್ತಿದ್ದಳಂತೆ. ಈ ಕೂಸು ಎಡಗೈಯಲ್ಲಿ ಮಲಗುವುದೇ ಇಲ್ಲವಂತೆ. "ಕೈ ಸುಮ್ಮ ಇರಂಗಿಲ್ರಿ ಅಕ್ಕಾರ. ಏನರೆ ಮಾಡ್ಬೇಕು, ಮಾಡ್ಬೇಕು ಅಂತೈತಿ." ಯಾರೂ ದೂರು ಕೊಟ್ಟಿರಲಿಲ್ಲ. ನೋವಿಲ್ಲ, ಊತವಿಲ್ಲ, ಏನೆಂದು ದೂರುವುದು?

ನಾನು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಅಣ್ಣನ ಹಳೆಯ ಎಡಗೈ ಎಲ್ಲಿಂದ ತರುವುದು? ಬೀಳುವ ಮೊದಲಿನ ಕೈಯನ್ನು ಯಾವ ಪಟ್ಟಿಯೂ ನೋಡಿರಲಿಲ್ಲ.

"ಪಟ್ಟಿಗೆ ಕಲಿಸಾಕ ನನ್ನ ಎಡಗೈ ತಗೋ," ಎಂದೆ. "ಬೆಳಗಾವಿಗೆ ಓದಾಕ ಹೋಗೂ ಮಟಾ ಅಪ್ಪ ನನಗೂ ಕಲಿಸ್ಯಾರ. ಬಲಗೈ ಕುದರಿ ಹಂಗ ಓಡತೈತಿ, ಎಡಗೈ ಮಾತ್ರ ಖರೆ ಐತಿ ಅಂತಿದ್ರು."

ಇಮ್ತಿಯಾಜ್ ತಲೆಯಾಡಿಸಿದ. "ಆಗಂಗಿಲ್ರಿ ಮೇಡಂ. ನಿಮ್ಮ ಎಲುಬಿನ ಅಳತಿ ಬ್ಯಾರೆ, ಅವರದು ಬ್ಯಾರೆ. ಎಲ್ಲಿ ನಿಲ್ಲಸಬೇಕು ಅನ್ನೂದು ಪಟ್ಟಿಗೆ ತಿಳೇಂಗಿಲ್ಲ. ಹೊಲಿಗಿ ಮತ್ತ ಹರದ್ರ ಆ ಕೈ ಆಮ್ಯಾಲ ಯಾವುದಕ್ಕೂ ಬರಂಗಿಲ್ಲ." ಅವನ ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಅಣ್ಣ ತನ್ನ ದಾರಿ ತಾನೇ ಹಿಡಿದಿದ್ದ. ನಾನು ಮನೆಗೆ ಬಂದಾಗ ಪಟ್ಟಿ ಕಿಟಕಿಯ ಮೇಲಿತ್ತು. ಅವನು ಡಗ್ಗಾದ ಮೇಲೆ ಮೈಭಾರವನ್ನೆಲ್ಲ ಹಾಕಿ ಅಂಗೈ ಒತ್ತುತ್ತಿದ್ದ. ಹಣೆಯಲ್ಲಿ ಬೆವರು ಸುರಿಯುತ್ತಿತ್ತು. ಮಣಿಕಟ್ಟು ಮತ್ತೆ ಊದಿಕೊಂಡಿತ್ತು. ವೈನಿ ಒಂದು ಮೂಲೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದರು.

"ತಗೀ ಕೈ!" ಎಂದು ಚೀರಿದೆ. "ಹರಕೋಬೇಕಂತ ಮಾಡಿಯೇನು?"

"ಹರೀಲಿ! ಎದ್ದು ಎದ್ದು ಓಡೂ ಕೈ ತಗೊಂಡು ನಾ ಏನ ಮಾಡ್ಲಿ?" ಎಂದು ಅವನೂ ಚೀರಿದ. ಇಬ್ಬರೂ ಬಾಯಿಗೆ ಬಂದದ್ದು ಆಡಿದೆವು. ವೈನಿ ನಡುವೆ ಬಂದು, "ಸಾಕ್ರೀ, ಇಬ್ಬರೂ ಸಾಕ್ ಮಾಡ್ರಿ. ಮಾವನೋರು ಇದ್ದಿದ್ರ ಏನಂತಿದ್ರು?" ಎಂದರು.

ಅಪ್ಪ ಏನನ್ನುತ್ತಿದ್ದರೋ ಗೊತ್ತಿಲ್ಲ. ಏನು ಮಾಡುತ್ತಿದ್ದರು ಎಂಬುದು ಮಾತ್ರ ನೆನಪಾಯಿತು. ಬೇರೆ ಉಸ್ತಾದರು ಮಕ್ಕಳ ಕೈ ಮೇಲೆ ತಮ್ಮ ಕೈ ಇಟ್ಟು ಒತ್ತಿಸುತ್ತಾರೆ. ಅಪ್ಪ ಹಾಗೆ ಮಾಡುತ್ತಿರಲಿಲ್ಲ. ತಮ್ಮ ಕೈ ಡಗ್ಗಾದ ಮೇಲಿಟ್ಟು, ಅದರ ಮೇಲೆ ನಮ್ಮ ಕೈ ಇಡಿಸಿಕೊಳ್ಳುತ್ತಿದ್ದರು. ಕಂಪನಿಯ ಹುಡುಗರೆಲ್ಲ ಹಾಗೇ ಕಲಿತವರು. ಮಗುವಿನ ಅಂಗೈಗೆ ಚರ್ಮ ತಾಗುವುದೇ ಇಲ್ಲ, ಭಾರ ಬೀಳುವುದೇ ಇಲ್ಲ. ಅಪ್ಪನ ಕೈ ಒತ್ತಿದ್ದು, ಜಾರಿದ್ದು, ತಡೆದದ್ದು ಮಾತ್ರ ಅಡಿಯಿಂದ ತಿಳಿಯುತ್ತಿತ್ತು. ನಮ್ಮ ಪಡಸಾಲೆಯಲ್ಲಿ ಅಪ್ಪ ಬರಿಗೈಯಲ್ಲಿ ಮಾಡುತ್ತಿದ್ದದ್ದು ಪಟ್ಟಿಯ ಕೆಲಸವೇ. ಆದರೆ ಅಲ್ಲಿ ಎಡಗೈಗೆ ಎಡಗೈಯೇ ಗುರು.

ಊತ ಇಳಿಯುವ ತನಕ ಕಾದು, ಡಗ್ಗಾದ ಎಡಗಡೆ ಕೂತೆ. ನನ್ನ ಎಡಗೈ ಚರ್ಮದ ಮೇಲಿಟ್ಟೆ. ಇಪ್ಪತ್ತು ವರ್ಷದ ಮೇಲಾಗಿತ್ತು ಮುಟ್ಟಿ. ಮೊದಲ ಸದ್ದಿಗೆ ನನಗೇ ನಾಚಿಕೆಯಾಯಿತು.

"ಮ್ಯಾಲ ಕೈ ಇಡು. ಒತ್ತಬ್ಯಾಡ. ಸುಮ್ಮ ಕೂಡಿಸು," ಎಂದೆ.

"ಇದೇನು, ಹುಡುಗೂರಾಟ?"

"ಹೌದು. ಇಡು."

ದಿನಾ ಬೆಳಿಗ್ಗೆ ಹಾಗೆ ಕೂರತೊಡಗಿದೆವು. ಅವನ ಬೆಚ್ಚನೆಯ ಒರಟು ಅಂಗೈ ನನ್ನ ಕೈಬೆನ್ನ ಮೇಲೆ. ಮೊದಮೊದಲು ನನ್ನ ಕೈ ಮುಂದೆ ಜಾರುವಷ್ಟರಲ್ಲಿ ಅವನದು ಹಾರಿ ಏಳುತ್ತಿತ್ತು. ಕಾದ ಹಂಚು ಮುಟ್ಟಿದವರ ಹಾಗೆ. ಅವನಿಗೆ ರೇಗುತ್ತಿತ್ತು, ನನಗೆ ಅವನಿಗಿಂತ ಮೊದಲು ರೇಗುತ್ತಿತ್ತು. ನಡುನಡುವೆ ನಾನು ಅವನ ಮಣಿಕಟ್ಟಿಗೆ ಹಳೆಯ ವ್ಯಾಯಾಮ ಮಾಡಿಸುತ್ತಿದ್ದೆ. ಒದ್ದೆ ಟವೆಲ್, ಅಕ್ಕಿ ಡಬ್ಬಿ, ಬಾಣ ಎಸೆಯುವ ಆಟ. ತಪ್ಪಿಸಿದ ದಿನ ಅವನೂ ಮುಖ ನೋಡಿ ಸುಳ್ಳು ಹೇಳುತ್ತಿದ್ದ. "ಖರೇನ ಮಾಡೇನಿ, ಬೇಕಾರ ನಿಮ್ಮ ವೈನೀನ ಕೇಳು." ವೈನಿ ಅಡುಗೆಮನೆಯಿಂದ, "ನನ್ನ ಕೇಳಬ್ಯಾಡ್ರಿ," ಎನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ ಆ ಸುಳ್ಳು ಕೇಳಿ ನನಗೆ ನಗು ಬಂತು.

ಪಟ್ಟಿಯನ್ನು ಇಮ್ತಿಯಾಜ್ ಬರೀ ನೋಡುವ ಹಾಗೆ, ಎಳೆಯದ ಹಾಗೆ ಮಾಡಿಕೊಟ್ಟಿದ್ದ. ಅದು ನೋಡುತ್ತಲೇ ಇತ್ತು. ಕೇಸರಿ ಗೆರೆ ಹಸಿರಿನಿಂದ ಮೆಲ್ಲಗೆ ಬೇರೆಯಾಗತೊಡಗಿತು. ಕೇಂದ್ರದ ಮುಖ್ಯಸ್ಥರು ನನ್ನನ್ನು ಪರದೆಯ ಮುಂದೆ ಕರೆಸಿದರು.

"ಈ ಕೈ ಪೂರ್ತಿ ಗುಣ ಆಗಿತ್ತಲ್ಲಾ? ಈಗ ಯಾಕೆ ಹಾಳಾಗ್ತಿದೆ?"

"ಹಾಳಾಗ್ತಾ ಇಲ್ಲ ಸರ್. ಬೇರೆ ಆಗ್ತಿದೆ."

"ಎರಡು ಗೆರೆಗಳ ಹೋಲಿಕೆ ಇನ್ನೂ ಇಳಿದ್ರೆ ಪಟ್ಟಿ ತಾನಾಗಿ ಬಿಗಿದು ಕೈನ ಕಟ್ಟಿಹಾಕುತ್ತೆ. ಸುರಕ್ಷತೆಯ ನಿಯಮ ಅದು, ಇಮ್ತಿಯಾಜ್‌ಗೂ ತೆಗೆಯೋಕಾಗಲ್ಲ. ಒಂದೋ ಮೊದಲಿನ ಹಾಗೆ ಕಲಿಸಿ, ಇಲ್ಲಾ ಪಟ್ಟಿ ಬಿಚ್ಚಿಸಿ. ಬಿಚ್ಚಿದ ಮೇಲೆ ಆ ಕೈಗೆ ಏನಾದ್ರೂ ಆದ್ರೆ ಅದು ನಿಮ್ಮ ತಲೆ ಮೇಲೆ."

ಅಪ್ಪನ ದಿನಕ್ಕೆ ಇನ್ನು ಸ್ವಲ್ಪವೇ ಸಮಯವಿತ್ತು. ಆ ಸಂಜೆ ಅಣ್ಣನ ಕೈಯಿಂದ ಪಟ್ಟಿ ಬಿಚ್ಚಿದೆ. ಇಷ್ಟು ದಿನ ನೋವಿಗಿಂತ ಮೊದಲು ನಿಲ್ಲಿಸುವ ಕಾವಲುಗಾರ ಒಬ್ಬನಿದ್ದ. ಇನ್ನು ಅಣ್ಣನ ಹೊಲಿಗೆಗೂ ಡಗ್ಗಾದ ಚರ್ಮಕ್ಕೂ ನಡುವೆ ಇರುವುದು ನನ್ನ ಅಂಗೈಯೊಂದೇ. ಮರುದಿನ ಪಟ್ಟಿಯನ್ನು ಇಮ್ತಿಯಾಜ್‌ನ ಮೇಜಿನ ಮೇಲಿಟ್ಟೆ. ಅವನು ಅದನ್ನು ಎತ್ತಿ ಡ್ರಾಯರಿಗೆ ಹಾಕಿ, "ಅವತ್ತ ನಾನೂ ಬರ್ಲೇನ್ರಿ ಮೇಡಂ ಕೇಳಾಕ?" ಎಂದ.

ಅಪ್ಪನ ದಿನ ಬೆಳಿಗ್ಗೆ ಪಡಸಾಲೆ ತುಂಬಿತ್ತು. ಅಪ್ಪನ ಜೊತೆ ಕಂಪನಿಯಲ್ಲಿದ್ದ ಮುದುಕರು ಮುಂದೆ ಕೂತಿದ್ದರು. ಹಿಂದೆ, ಗೋಡೆಗೆ ಒರಗಿ, ಇಮ್ತಿಯಾಜ್. ಅಣ್ಣ ತಬಲಾದ ಮುಂದೆ ಕೂತು, ನನಗೆ ಎಡಗಡೆ ಜಾಗ ಬಿಟ್ಟ. ನಾನು ಹೋಗಿ ಕೂತಾಗ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈ ವರ್ಷ ಬಲಗೈ ನಂದು, ಎಡಗೈ ತಂಗೀದು. ತಪ್ಪಾದ್ರ ಬೈಯಬ್ಯಾಡ್ರಿ," ಎಂದ ಅಣ್ಣ.

ಶುರು ಮಾಡಿದೆವು. ಅವನ ಬಲಗೈ ತಬಲಾದ ಮೇಲೆ, ನನ್ನ ಎಡಗೈ ಡಗ್ಗಾದ ಮೇಲೆ, ಅದರ ಮೇಲೆ ಅವನ ಎಡಗೈ. ಮೊದಲು ನಾನು ಹಿಂದೆ ಬಿದ್ದೆ. ಅವನು ನಿಧಾನ ಮಾಡಿದ. ಆಮೇಲೆ ಸೇರಿಕೊಂಡೆವು. ಡಗ್ಗಾ ಉಬ್ಬಿತು, ಬಾಗಿತು, ಮಾತಾಡಿತು. ಮುಂದೆ ಕೂತ ಒಬ್ಬ ಮುದುಕರು "ಆಹಾ" ಎಂದು ತಲೆದೂಗಿದರು. ನನಗೆ ಎಷ್ಟು ಸುಖವಾಯಿತೆಂದರೆ, ಇದನ್ನು ಬಿಟ್ಟು ಇಷ್ಟು ವರ್ಷ ಎಲ್ಲಿದ್ದೆ ಎಂದು ದುಃಖವೂ ಆಯಿತು. ಈ ಕೈ ನನ್ನದು, ಇದನ್ನು ಇನ್ನು ಯಾರಿಗೂ ಬಿಟ್ಟುಕೊಡಲಾರೆ ಅನಿಸಿತು.

ಲಯ ಏರುತ್ತ ಹೋಯಿತು. ಅಭ್ಯಾಸ ತಪ್ಪಿದ ನನ್ನ ಮಣಿಕಟ್ಟು ಸೋಲತೊಡಗಿತು. ಒಂದು ಒತ್ತು ಸಣ್ಣದಾಯಿತು, ಮುಂದಿನದು ಇನ್ನೂ ಸಣ್ಣದಾಯಿತು. ಇನ್ನಾಗದು, ನಿಲ್ಲಿಸು ಎನ್ನಲು ಬಾಯಿ ತೆರೆದೆ. ಆಗ ಸದ್ದು ಉಬ್ಬಿತು.

ನಾನು ಒತ್ತಿರಲಿಲ್ಲ. ಒತ್ತು ಮೇಲಿನಿಂದ ಬಂದಿತ್ತು. ಅವನ ಅಂಗೈ ನನ್ನ ಕೈಯನ್ನು ತನ್ನ ಜೊತೆ ಕರೆದುಕೊಂಡು ಜಾರಿತು, ತಡೆಯಿತು, ಹಿಂದೆ ಬಂತು. ಮತ್ತೊಮ್ಮೆ. ಅದು ಎದ್ದು ಓಡಲಿಲ್ಲ. ಅಣ್ಣನ ಮುಖ ನೋಡಿದೆ. ಕಣ್ಣು ಮುಚ್ಚಿದ್ದ, ನೋವಿನ ಸುಳಿವಿರಲಿಲ್ಲ. ನನ್ನ ಬಲಗೈಯಿಂದ ಅವನ ಮಣಿಕಟ್ಟು ಹಿಡಿದು ನೋಡಿದೆ. ಎಲುಬು ಎಲುಬಿನ ಜಾಗದಲ್ಲಿತ್ತು. ನಾರು ತಡೆದುಕೊಂಡಿತ್ತು.

ಇನ್ನು ನನ್ನ ಕೈ ಅಲ್ಲಿರಬೇಕಾಗಿರಲಿಲ್ಲ. ತೆಗೆಯಲು ಮನಸ್ಸಿರಲಿಲ್ಲ, ಖರೆ ಹೇಳುತ್ತೇನೆ, ಸ್ವಲ್ಪವೂ ಇರಲಿಲ್ಲ. ತಾಳದ ಒಂದು ಸುತ್ತು ಮುಗಿಯುವ ತನಕ ಹಾಗೇ ಇಟ್ಟುಕೊಂಡೆ. ಆಮೇಲೆ ಅವನ ಅಂಗೈಯಡಿಯಿಂದ ಮೆಲ್ಲಗೆ ನನ್ನ ಕೈಯನ್ನು ಎಳೆದುಕೊಂಡೆ. ಅವನ ಕೈ ಚರ್ಮದ ಮೇಲೆ ಕೂತಿತು. ಸದ್ದು ಕಡಿಯಲಿಲ್ಲ, ಇನ್ನೂ ತುಂಬಿ ಬಂತು. ಬಾಗಿಲಲ್ಲಿ ವೈನಿ ಬಿಕ್ಕಿದ್ದು ಕೇಳಿಸಿತು.

ಅಣ್ಣ ಕಣ್ಣು ತೆರೆಯಲಿಲ್ಲ. ನುಡಿಸುತ್ತಲೇ, ನನಗೊಬ್ಬಳಿಗೇ ಕೇಳುವ ಹಾಗೆ ಕೇಳಿದ: "ಎಲ್ಲಿ ಹೊಂಟಿ?"

"ಆತಲ್ಲ ಅಣ್ಣಾ, ನಿನ್ನ ಕೈ ಬಂತು."

"ನಿಂದಿನ್ನೂ ಬರೂದೈತಿ," ಎಂದ. "ಮ್ಯಾಲ ಇಡು."

ನಾನು ಅವನ ಕೈ ಮೇಲೆ ನನ್ನ ಕೈ ಇಟ್ಟೆ.